ರಿಟರ್ನ್ ಎಲ್ಲಿ ಹಾಕಬೇಕು, ಹೇಗೆ ಹಾಕಬೇಕು: ಫಂಕ್ಷನ್‌ನ ಉತ್ತರ ಕೈಗೆ ಸಿಗುವ ತನಕ ಒಂದೊಂದೇ ಹಂತ

"ಸರ, ಸ್ಕ್ರೀನಿನ ಮ್ಯಾಲ ಉತ್ತರ ಬರ್ತದ್ರಿ. ಮುಂದಿನ ಲೆಕ್ಕದಾಗ ಯಾಕ ನನ್ ಬರ್ಲತ್ತದ?"

ಕಲಬುರಗಿಯಲ್ಲಿ ಸಂಜೆ ಹೊತ್ತು ಡಿಪ್ಲೊಮಾ, ಬಿಸಿಎ ಮಕ್ಕಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡುವಾಗ ನನ್ನ ಕಿವಿಗೆ ಅತಿ ಹೆಚ್ಚು ಬೀಳುವ ಪ್ರಶ್ನೆ ಇದು. ನನ್ (None) ಅಂದರೆ ಪೈಥಾನ್ ಭಾಷೆಯಲ್ಲಿ "ಏನೂ ಇಲ್ಲ" ಎಂಬ ಉತ್ತರ. ಈ ವಾರ ಆಳಂದದ ಹುಡುಗ ಕೇಳುತ್ತಾನೆ, ಮುಂದಿನ ವಾರ ಸೇಡಂನ ಹುಡುಗಿ ಕೇಳುತ್ತಾಳೆ. ಫಂಕ್ಷನ್ ಅಂದರೆ ಒಂದು ಕೆಲಸಕ್ಕೆ ಹೆಸರಿಟ್ಟು ಕಟ್ಟಿದ ಕೋಡಿನ ಸಾಲುಗಳು, ಅದರ ಉತ್ತರವನ್ನು ಕರೆದ ಕಡೆಗೆ ವಾಪಸ್ ಕೊಡುವ ಪದ ರಿಟರ್ನ್. ರಿಟರ್ನ್ ಎಂದರೇನು ಅಂತ ಇವರಿಗೆ ಗೊತ್ತಿಲ್ಲ ಎಂದಲ್ಲ. ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆಯುತ್ತಾರೆ. ಕೀಬೋರ್ಡ್ ಮುಂದೆ ಕುಳಿತಾಗ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ತಪ್ಪಿಹೋಗುತ್ತದೆ. ಹಾಗಾಗಿ ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಲಿ. ಕಲಬುರಗಿಯ ನೆಹರೂ ಗಂಜ್ ಮಾರುಕಟ್ಟೆಗೆ ತೊಗರಿ ತಂದ ರೈತರೊಬ್ಬರು ಮಗನನ್ನು ಅಡತಿ ಅಂಗಡಿಗೆ ಕಳಿಸುತ್ತಾರೆ: "ಲೆಕ್ಕ ಎಷ್ಟಾತು ನೋಡ್ಕೊಂಡು ಬಾ." ಮಗ ಅಂಗಡಿ ಕಟ್ಟೆ ಮೇಲೆ ನಿಂತು "ಹದಿನಾರು ಸಾವಿರ!" ಎಂದು ಕೂಗಿ, ಬರಿಗೈಯಲ್ಲಿ ವಾಪಸ್ ಬರುತ್ತಾನೆ. ಸುತ್ತ ನಿಂತವರಿಗೆಲ್ಲ ಕೇಳಿಸಿತು. ಆದರೆ ಅಪ್ಪನ ಕೈಯಲ್ಲಿ ಚೀಟಿ ಇಲ್ಲ, ಹಮಾಲಿ ಕೂಲಿ ಕಳೆದು ಮುಂದಿನ ಲೆಕ್ಕ ಹಾಕಲು ಏನೂ ಇಲ್ಲ. ಕೂಗಿದ್ದು ಪ್ರಿಂಟ್. ಚೀಟಿ ತಂದು ಅಪ್ಪನ ಕೈಗೆ ಕೊಟ್ಟಿದ್ದರೆ ಅದು ರಿಟರ್ನ್. ಮುಂದೆ ಬರುವ ತಪ್ಪುಗಳಲ್ಲಿ ಮುಕ್ಕಾಲು ಪಾಲು, ಆ ಚೀಟಿ ದಾರಿಯಲ್ಲಿ ಎಲ್ಲೋ ಕಳೆದುಹೋಗುವ ಕಥೆಗಳೇ.

## ಶುರು ಮಾಡುವ ಮೊದಲು ಬೇಕಾದವು

ಪೈಥಾನ್ 3 ಸಾಕು. ಕಂಪ್ಯೂಟರ್ ಇದ್ದರೆ ಥಾನಿ ಎಂಬ ಎಡಿಟರ್ ಹಾಕಿಕೊಳ್ಳಿ, ಅದು ಉಚಿತ. ಅದರಲ್ಲಿ ಕೋಡನ್ನು ಒಂದೊಂದೇ ಹೆಜ್ಜೆ ಓಡಿಸಬಹುದು. ಫಂಕ್ಷನ್ ಕರೆದ ತಕ್ಷಣ ಬೇರೆ ಕಿಟಕಿ ತೆರೆಯುತ್ತದೆ, ರಿಟರ್ನ್ ಆದ ತಕ್ಷಣ ಮುಚ್ಚುತ್ತದೆ. ಅದನ್ನು ಒಮ್ಮೆ ಕಣ್ಣಾರೆ ನೋಡಿದರೆ ನನ್ನ ಅರ್ಧ ಪಾಠ ಮುಗಿದಂತೆ. ಬರೀ ಆಂಡ್ರಾಯ್ಡ್ ಫೋನ್ ಇರುವವರು ಪೈಡ್ರಾಯ್ಡ್ ಎಂಬ ಆ್ಯಪ್ ಬಳಸಬಹುದು. ಇದರ ಜೊತೆಗೆ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು. ಪೆನ್ಸಿಲ್ ಖಂಡಿತ ಬೇಕು, ಮೂರನೇ ಹಂತದಲ್ಲಿ ಅದರದ್ದೇ ಕೆಲಸ.

ಇಲ್ಲಿ ಕೋಡನ್ನು ಓದಲು ಸುಲಭವಾಗಲಿ ಎಂದು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಡೆಫ್, ಇಫ್, ಫಾರ್, ಪ್ರಿಂಟ್, ರಿಟರ್ನ್ ಮುಂತಾದ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು. ನೀವೇ ಇಡುವ ಹೆಸರುಗಳು ಕನ್ನಡದಲ್ಲಿದ್ದರೂ ಪೈಥಾನ್ 3 ಒಪ್ಪುತ್ತದೆ.

## ಹಂತ 1: ಚೀಟಿಯಲ್ಲಿ ಏನಿರಬೇಕು ಎಂದು ಮೊದಲೇ ಬರೆಯಿರಿ

ಕೋಡ್ ಮುಟ್ಟುವ ಮೊದಲು ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆಯಿರಿ: ಒಳಗೆ ಏನು ಹೋಗುತ್ತದೆ, ಹೊರಗೆ ಏನು ಬರುತ್ತದೆ. ಉದಾಹರಣೆಗೆ, "ಒಳಗೆ: ಕಿಲೋ, ಕ್ವಿಂಟಲ್ ದರ. ಹೊರಗೆ: ರೂಪಾಯಿ."

ಹೊರಗೆ ಏನೂ ಬರುವುದಿಲ್ಲ ಎಂದಾದರೆ ಅದು ಪ್ರೊಸೀಜರ್. ಸ್ಕ್ರೀನ್ ಮೇಲೆ ಬಿಲ್ ತೋರಿಸುವುದು, ಫೈಲಿಗೆ ಬರೆಯುವುದು ಇಂಥ ಕೆಲಸಗಳು. ಅದಕ್ಕೆ ರಿಟರ್ನ್ ಬೆಲೆ, ಅಂದರೆ ವಾಪಸ್ ಕೊಡುವ ಉತ್ತರ, ಬೇಡ. ಹೊರಗೆ ಏನಾದರೂ ಬರಬೇಕು ಎಂದಾದರೆ ಅದು ಫಂಕ್ಷನ್. ಸಿ ಮತ್ತು ಜಾವಾದಲ್ಲಿ ಈ ವ್ಯತ್ಯಾಸವನ್ನು ಮೊದಲ ಸಾಲಿನಲ್ಲೇ ಹೇಳಬೇಕು, ಏನೂ ಕೊಡದಿದ್ದರೆ ವಾಯ್ಡ್ ಎಂದು ಬರೆಯಬೇಕು. ಪೈಥಾನ್ ಕೇಳುವುದೇ ಇಲ್ಲ. ಎರಡಕ್ಕೂ ಡೆಫ್ ಒಂದೇ. ಅದಕ್ಕೇ ಪೈಥಾನ್ ಕಲಿಯುವವರಿಗೆ ಈ ಒಂದು ಸಾಲು ಜಾಸ್ತಿ ಬೇಕು.

ಒಂದೇ ಫಂಕ್ಷನ್ ಲೆಕ್ಕವನ್ನೂ ಹಾಕಿ ಬಿಲ್ಲನ್ನೂ ತೋರಿಸಲಿ ಎಂದು ಆಸೆಪಡಬೇಡಿ. ಲೆಕ್ಕ ಒಂದರಲ್ಲಿ, ತೋರಿಸುವುದು ಇನ್ನೊಂದರಲ್ಲಿ ಇರಲಿ.

## ಹಂತ 2: ಹಿಡಿಯುವ ಸಾಲನ್ನು ಮೊದಲು ಬರೆಯಿರಿ

ಎಲ್ಲರೂ ಫಂಕ್ಷನ್‌ನ ಹೊಟ್ಟೆಯಿಂದ ಶುರು ಮಾಡುತ್ತಾರೆ. ನೀವು ಕರೆಯುವ ಸಾಲಿನಿಂದ ಶುರು ಮಾಡಿ.

```
ಒಟ್ಟು = ಮೊತ್ತ(202, 8000)
ಕೈಗೆ = ಒಟ್ಟು - 80
```

ಸಮ ಚಿಹ್ನೆಯ ಎಡಗಡೆ ಹೆಸರು ಇದೆ ಅಲ್ವಾ, ಅದೇ ಚೀಟಿ ಹಿಡಿಯುವ ಕೈ. ಆ ಹೆಸರು ಇಲ್ಲದೆ ಸುಮ್ನೆ ಮೊತ್ತ(202, 8000) ಎಂದು ಬರೆದರೆ ಫಂಕ್ಷನ್ ಓಡುತ್ತದೆ, ಉತ್ತರ ಬರುತ್ತದೆ, ಹಿಡಿಯುವವರಿಲ್ಲದೆ ಬಿದ್ದುಹೋಗುತ್ತದೆ. ಪೈಥಾನ್ ಯಾವ ಎರರ್ ಕೂಡ ಕೊಡುವುದಿಲ್ಲ. "ನಾನು ರಿಟರ್ನ್ ಹಾಕೀನ್ರಿ, ಆದ್ರೂ ಬೆಲೆ ಬದಲಾಗಿಲ್ಲ" ಎನ್ನುವವರ ಕೋಡಿನಲ್ಲಿ ನಾನು ಮೊದಲು ನೋಡುವುದು ಈ ಎಡಗಡೆಯನ್ನೇ.

ಇಲ್ಲಿ 202 ಎಂಬುದು ನಾಲ್ಕು ಚೀಲ ತೊಗರಿಯ ಒಟ್ಟು ತೂಕ, ಕಿಲೋದಲ್ಲಿ. 8000 ಎಂಬುದು 2025-26ರ ಸಾಲಿಗೆ ತೊಗರಿಗೆ ಕೇಂದ್ರ ಸರ್ಕಾರ ಪ್ರಕಟಿಸಿದ ಬೆಂಬಲ ಬೆಲೆ, ಕ್ವಿಂಟಲಿಗೆ. ಹಮಾಲಿ ಚೀಲಕ್ಕೆ 20 ರೂಪಾಯಿ ಎಂದು ನಮ್ಮ ಲೆಕ್ಕದ ಮಟ್ಟಿಗೆ ಇಟ್ಟುಕೊಳ್ಳೋಣ. ನಾಲ್ಕು ಚೀಲಕ್ಕೆ 80.

## ಹಂತ 3: ಪ್ರಿಂಟ್ ತೆಗೆಯಿರಿ, ರಿಟರ್ನ್ ಹಾಕಿ, ಪೆನ್ಸಿಲಿನಿಂದ ಪರೀಕ್ಷಿಸಿ

ಮಕ್ಕಳು ತರುವ ಕೋಡ್ ಹೀಗಿರುತ್ತದೆ:

```
ಡೆಫ್ ಮೊತ್ತ(ಕಿಲೋ, ದರ):
    ಪ್ರಿಂಟ್(ಕಿಲೋ * ದರ / 100)

ಒಟ್ಟು = ಮೊತ್ತ(202, 8000)
ಕೈಗೆ = ಒಟ್ಟು - 80
```

ಓಡಿಸಿದರೆ 16160.0 ಎಂದು ಕಾಣುತ್ತದೆ. ಖುಷಿಯಾಗುತ್ತದೆ. ಅದರ ಕೆಳಗೇ ಟೈಪ್‌ಎರರ್, ನನ್‌ಟೈಪ್ ಎಂದು ಕೆಂಪು ಅಕ್ಷರ. ಕಾರಣ ಸರಳ. ಪೈಥಾನಿನಲ್ಲಿ ರಿಟರ್ನ್ ಇಲ್ಲದ ಫಂಕ್ಷನ್ ಕೊನೆ ಮುಟ್ಟಿದಾಗ ತಾನಾಗಿಯೇ ನನ್ ಎಂಬುದನ್ನು ಕೊಡುತ್ತದೆ. ಅದು ಖಾಲಿ ಚೀಟಿ. ಖಾಲಿ ಚೀಟಿಯಿಂದ 80 ಕಳೆಯಲು ಆಗುವುದಿಲ್ಲ.

ಸರಿಯಾದದ್ದು:

```
ಡೆಫ್ ಮೊತ್ತ(ಕಿಲೋ, ದರ):
    ರಿಟರ್ನ್ ಕಿಲೋ * ದರ / 100
```

ಈಗ ಪೆನ್ಸಿಲ್ ಕೈಗೆ ತೆಗೆದುಕೊಳ್ಳಿ. ನೋಟ್‌ಬುಕ್ಕಿನಲ್ಲಿ "ಒಟ್ಟು = ಮೊತ್ತ(202, 8000)" ಎಂದು ಬರೆಯಿರಿ. ಫಂಕ್ಷನ್ ಒಳಗಿನ ರಿಟರ್ನ್ ಸಾಲನ್ನು ಲೆಕ್ಕ ಮಾಡಿ: 202 ಗುಣಿಸು 8000, ಭಾಗಿಸು 100, ಅಂದರೆ 16160. ಈಗ "ಮೊತ್ತ(202, 8000)" ಎಂಬುದರ ಮೇಲೆ ಗೆರೆ ಎಳೆದು ಅದೇ ಜಾಗದಲ್ಲಿ 16160 ಬರೆಯಿರಿ. ಸಾಲು "ಒಟ್ಟು = 16160" ಆಯಿತು. ಕರೆದ ಜಾಗದಲ್ಲೇ ಉತ್ತರ ಬಂದು ಕೂರುತ್ತದೆ. ರಿಟರ್ನ್ ಮಾಡುವ ಕೆಲಸ ಇಷ್ಟೇ.

ಇದೇ ಆಟವನ್ನು ಪ್ರಿಂಟ್ ಇರುವ ಹಳೆಯ ಕೋಡಿನ ಮೇಲೆ ಮಾಡಿ. ಗೆರೆ ಎಳೆದ ಮೇಲೆ ಆ ಜಾಗದಲ್ಲಿ ಏನು ಬರೆಯುತ್ತೀರಿ? ಬರೆಯಲು ಏನೂ ಇಲ್ಲ. ಆ ಗಳಿಗೆಯಲ್ಲಿ ಎಷ್ಟೋ ಮಕ್ಕಳ ಮುಖ ಅರಳುವುದನ್ನು ನೋಡಿದ್ದೇನೆ. ಅದಕ್ಕೇ ಈ ಹಂತವನ್ನು ಯಾರೂ ಹಾರಿಸಬಾರದು ಎಂದು ಹಠ ಹಿಡಿಯುತ್ತೇನೆ.

ಒಂದು ಮರಿ ಎಚ್ಚರಿಕೆ. "ರಿಟರ್ನ್ ಪ್ರಿಂಟ್(...)" ಎಂದು ಎರಡನ್ನೂ ಸೇರಿಸಿ ಬರೆಯುವವರಿದ್ದಾರೆ. ಪ್ರಿಂಟ್ ಕೂಡ ಒಂದು ಫಂಕ್ಷನ್ನೇ, ಅದು ಕೊಡುವುದು ನನ್. ಹಾಗಾಗಿ ನಿಮ್ಮ ಫಂಕ್ಷನ್ನೂ ನನ್ ಕೊಡುತ್ತದೆ. ಲಿಸ್ಟಿನ ಸಾರ್ಟ್ ಕೂಡ ಹಾಗೆಯೇ. "ತೂಕಗಳು = ತೂಕಗಳು.ಸಾರ್ಟ್()" ಎಂದು ಬರೆದರೆ ಇದ್ದ ಲಿಸ್ಟೂ ಕೈತಪ್ಪುತ್ತದೆ, ಏಕೆಂದರೆ ಸಾರ್ಟ್ ಲಿಸ್ಟನ್ನು ಇದ್ದಲ್ಲೇ ಜೋಡಿಸಿ ನನ್ ಕೊಡುತ್ತದೆ. ಹೊಸ ಲಿಸ್ಟ್ ಕೈಗೆ ಬೇಕಿದ್ದರೆ ಸಾರ್ಟೆಡ್ ಬಳಸಿ.

## ಹಂತ 4: ಲೂಪ್ ಇದ್ದರೆ ರಿಟರ್ನ್ ಎಲ್ಲಿ ನಿಂತಿದೆ ಎಂದು ಬೆರಳಿಟ್ಟು ನೋಡಿ

ಲೂಪ್ ಅಂದರೆ ಒಂದೇ ಸಾಲುಗಳನ್ನು ಮತ್ತೆ ಮತ್ತೆ ಓಡಿಸುವುದು. ಈ ಹಂತದಲ್ಲಿ ನಿಧಾನಿಸಿ. ಎರರ್ ಬಂದರೆ ಹೇಗೋ ಹುಡುಕಬಹುದು. ಇಲ್ಲಿ ಎರರ್ ಬರುವುದಿಲ್ಲ, ತಪ್ಪು ಉತ್ತರ ಮಾತ್ರ ಬರುತ್ತದೆ.

```
ಡೆಫ್ ಒಟ್ಟು_ತೂಕ(ಚೀಲಗಳು):
    ಮೊತ್ತ_ಕಿಲೋ = 0
    ಫಾರ್ ಚೀಲ ಇನ್ ಚೀಲಗಳು:
        ಮೊತ್ತ_ಕಿಲೋ = ಮೊತ್ತ_ಕಿಲೋ + ಚೀಲ
        ರಿಟರ್ನ್ ಮೊತ್ತ_ಕಿಲೋ
```

ನಾಲ್ಕು ಚೀಲ ಕೊಡಿ: 51, 49, 50, 52. ಬರಬೇಕಾದದ್ದು 202. ಬರುವುದು 51. ಯಾಕೆ? ರಿಟರ್ನ್ ಲೂಪಿನ ಒಳಗೆ ಇದೆ. ಮೊದಲ ಚೀಲ ತೂಗಿದ ಕೂಡಲೇ "ಮುಗೀತು" ಎಂದು ಚೀಟಿ ಹರಿದು ಕೊಟ್ಟಂತೆ. ಉಳಿದ ಮೂರು ಚೀಲ ಕಾಟಾದ ಹತ್ತಿರವೂ ಬರಲಿಲ್ಲ.

ಈ 51ನ್ನೇ ಮುಂದಿನ ಲೆಕ್ಕಕ್ಕೆ ಕೊಟ್ಟರೆ 4080 ರೂಪಾಯಿ, ಹಮಾಲಿ 80 ಕಳೆದರೆ ಸರಿಯಾಗಿ 4000. ಎಷ್ಟು ಚೊಕ್ಕ ಸಂಖ್ಯೆ ನೋಡಿ, ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ನಿಜವಾಗಿ ಬರಬೇಕಾದದ್ದು 16080. ಒಂದು ರಿಟರ್ನ್ ನಾಲ್ಕು ಜಾಗ ಬಲಕ್ಕೆ ನಿಂತದ್ದಕ್ಕೆ 12080 ರೂಪಾಯಿ ಲೆಕ್ಕದಿಂದಲೇ ಮಾಯ. ಮನೆಯಲ್ಲಿ ತೊಗರಿ ಬೆಳೆಯುವ ಮಕ್ಕಳಿಗೆ ಇದು ಎಷ್ಟು ದೊಡ್ಡ ಮೊತ್ತ ಎಂದು ನಾನು ಹೇಳಬೇಕಿಲ್ಲ.

ಸರಿಪಡಿಸಲು ರಿಟರ್ನನ್ನು ಫಾರ್ ಪದದ ನೇರಕ್ಕೆ ಎಳೆದು ತನ್ನಿ:

```
    ಫಾರ್ ಚೀಲ ಇನ್ ಚೀಲಗಳು:
        ಮೊತ್ತ_ಕಿಲೋ = ಮೊತ್ತ_ಕಿಲೋ + ಚೀಲ
    ರಿಟರ್ನ್ ಮೊತ್ತ_ಕಿಲೋ
```

ಹಾಗಾದರೆ ಲೂಪಿನೊಳಗೆ ರಿಟರ್ನ್ ಯಾವತ್ತೂ ಬೇಡವೇ? ಬೇಕು, ಹುಡುಕುವ ಕೆಲಸದಲ್ಲಿ ಬೇಕು. 60 ಕಿಲೋ ದಾಟಿದ ಮೊದಲ ಚೀಲ ಸಿಕ್ಕ ತಕ್ಷಣ ನಿಲ್ಲಿಸಬೇಕು ಎಂದರೆ ಲೂಪಿನ ಒಳಗೆ, ಇಫ್‌ನ ಒಳಗೆ ರಿಟರ್ನ್ ಸರಿ. ಆದರೆ ಅಲ್ಲೊಂದು ಹೊಸ ತಪ್ಪು ಕಾದಿರುತ್ತದೆ. ಇಫ್‌ಗೆ ಎಲ್ಸ್ ಹಾಕಿ "ಎಲ್ಸ್: ರಿಟರ್ನ್ ಫಾಲ್ಸ್" ಎಂದು ಬರೆಯುತ್ತಾರೆ. ಆಗ ಮೊದಲ ಚೀಲ 60 ದಾಟಿಲ್ಲ ಎಂದ ಕೂಡಲೇ "ಇಲ್ಲ" ಎಂದು ಹೇಳಿ ಹೊರಟುಬಿಡುತ್ತದೆ. "ಇಲ್ಲ" ಎಂದು ಹೇಳಬೇಕಾದರೆ ಎಲ್ಲ ಚೀಲ ನೋಡಿರಬೇಕು. ಆದ್ದರಿಂದ ರಿಟರ್ನ್ ಫಾಲ್ಸ್ ಲೂಪಿನ ಹೊರಗೇ ಇರಬೇಕು.

## ಹಂತ 5: ಎಲ್ಲ ದಾರಿಗಳಲ್ಲೂ ನಡೆದು ನೋಡಿ

ಕಲಬುರಗಿಯಿಂದ ಬೀದರ್‌ಗೆ ಹುಮನಾಬಾದ್ ಮೇಲೆ ಬಸ್ಸಿನಲ್ಲೂ ಹೋಗಬಹುದು, ರೈಲಿನಲ್ಲೂ ಹೋಗಬಹುದು. ಯಾವುದು ಹತ್ತಿದರೂ ಊರು ಮುಟ್ಟಬೇಕು. ಫಂಕ್ಷನ್ ಒಳಗಿನ ಪ್ರತಿಯೊಂದು ಇಫ್ ಒಂದು ಕವಲು. ಎಲ್ಲ ಕವಲೂ ಒಂದು ರಿಟರ್ನ್ ಮುಟ್ಟಬೇಕು.

```
ಡೆಫ್ ದರ್ಜೆ(ತೇವಾಂಶ):
    ಇಫ್ ತೇವಾಂಶ < 12:
        ರಿಟರ್ನ್ "ತಗೊಳ್ಳಬಹುದು"
    ಇಫ್ ತೇವಾಂಶ > 12:
        ರಿಟರ್ನ್ "ಒಣಗಿಸಿ ತನ್ನಿ"
```

ತೇವಾಂಶ ಸರಿಯಾಗಿ 12 ಇದ್ದರೆ? ಯಾವ ದಾರಿಯೂ ಇಲ್ಲ, ನನ್ ಬರುತ್ತದೆ. 11 ಮತ್ತು 14 ಕೊಟ್ಟು ಪರೀಕ್ಷಿಸಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಮೊದಲ ಇಫ್‌ನಲ್ಲಿ ಚಿಕ್ಕದು ಅಥವಾ ಸಮ ಎಂದು ಬರೆದು, ಎರಡನೇ ಇಫ್ ತೆಗೆದು, ಕೊನೆಯ ರಿಟರ್ನನ್ನು ಯಾವ ಇಫ್ ಒಳಗೂ ಇಲ್ಲದಂತೆ ಎಡಕ್ಕೆ ತನ್ನಿ. ಕೊನೆಯ ಸಾಲು ಷರತ್ತಿಲ್ಲದ ರಿಟರ್ನ್ ಆಗಿದ್ದರೆ ಯಾವ ದಾರಿಯೂ ನಡುವೆ ಕೈಬಿಡುವುದಿಲ್ಲ.

ಕೆಟ್ಟ ಇನ್‌ಪುಟ್ ಇದ್ದರೆ ಅದನ್ನು ಬಾಗಿಲಲ್ಲೇ ತಡೆಯಿರಿ. ಫಂಕ್ಷನ್‌ನ ಮೊದಲ ಸಾಲುಗಳಲ್ಲೇ "ತೂಕ ಸೊನ್ನೆಗಿಂತ ಕಡಿಮೆ ಇದ್ದರೆ ಇಲ್ಲಿಂದಲೇ ವಾಪಸ್" ಎಂದು ಬರೆದರೆ, ಇಫ್ ಒಳಗೆ ಇಫ್, ಅದರೊಳಗೆ ಇನ್ನೊಂದು ಇಫ್ ಎಂದು ಬಲಕ್ಕೆ ಜಾರುತ್ತಾ ಹೋಗುವುದು ತಪ್ಪುತ್ತದೆ. ಒಂದು ಫಂಕ್ಷನ್‌ಗೆ ಒಂದೇ ರಿಟರ್ನ್ ಇರಬೇಕು ಎಂದು ಹೇಳುವವರಿದ್ದಾರೆ. ಮೂರು ರಿಟರ್ನ್ ಇದ್ದು ಕೋಡ್ ಒಂದೇ ಓದಿಗೆ ಅರ್ಥವಾಗುವುದಾದರೆ ಅದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. "ಸಿಗಲಿಲ್ಲ" ಎಂದು ಹೇಳಲು 0 ಕೊಡಬೇಡಿ. ಸೊನ್ನೆ ಕಿಲೋ ಎಂಬುದೂ ಒಂದು ಉತ್ತರವೇ. ನನ್ ಕೊಡಿ. ಕರೆದ ಕಡೆ "ಇಫ್ ಉತ್ತರ ಇಸ್ ನನ್" ಎಂದು ಕೇಳಿ. "ಇಫ್ ನಾಟ್ ಉತ್ತರ" ಎಂದು ಕೇಳಿದರೆ 0 ಬಂದಾಗಲೂ, ನನ್ ಬಂದಾಗಲೂ ಅದು ಒಂದೇ ಥರ ನಡೆದುಕೊಳ್ಳುತ್ತದೆ.

## ಹಂತ 6: ರಿಟರ್ನ್ ಕೆಳಗೆ ಏನಾದರೂ ಉಳಿದಿದೆಯೇ?

ರಿಟರ್ನ್ ಆದ ಮೇಲೆ ಅದೇ ಮಟ್ಟದಲ್ಲಿರುವ ಕೆಳಗಿನ ಸಾಲುಗಳು ಓಡುವುದಿಲ್ಲ. ಫೈಲ್ ಮುಚ್ಚುವ ಸಾಲು, ಬಿಲ್ ನಂಬರ್ ಹೆಚ್ಚಿಸುವ ಸಾಲು ರಿಟರ್ನ್ ಕೆಳಗಿದ್ದರೆ ಅವು ಸತ್ತ ಸಾಲುಗಳು. ಜಾವಾ ಇಂಥದ್ದನ್ನು ಕಂಪೈಲ್ ಮಾಡಲು ಒಪ್ಪುವುದೇ ಇಲ್ಲ. ಪೈಥಾನ್ ಸುಮ್ಮನಿರುತ್ತದೆ. ಫೈಲನ್ನು ವಿತ್ ಬಳಸಿ ತೆರೆಯಿರಿ, ನಡುವೆ ರಿಟರ್ನ್ ಆದರೂ ಅದು ತಾನೇ ಮುಚ್ಚಿಕೊಳ್ಳುತ್ತದೆ.

ಎರರ್ ಬರಬಹುದಾದ ಸಾಲುಗಳಿಗೆ ಟ್ರೈ, ಏನೇ ಆದರೂ ಕೊನೆಗೆ ಓಡಬೇಕಾದ ಸಾಲುಗಳಿಗೆ ಫೈನಲಿ ಬಳಸುವವರು ಫೈನಲಿ ಒಳಗೆ ರಿಟರ್ನ್ ಬರೆಯಬಾರದು. ಟ್ರೈ ಒಳಗಿನ ಉತ್ತರವನ್ನು ಅದು ನುಂಗುತ್ತದೆ, ಬಂದ ಎರರನ್ನೂ ನುಂಗುತ್ತದೆ. ಪೈಥಾನ್ 3.14 ಇದಕ್ಕೆ ಎಚ್ಚರಿಕೆ ಕೊಡಲು ಶುರು ಮಾಡಿದೆ.

## ಹಂತ 7: ಎರಡು ಉತ್ತರ ಬೇಕಾದಾಗ

"ರಿಟರ್ನ್ ಒಟ್ಟು, ಹಮಾಲಿ" ಎಂದು ಅಲ್ಪವಿರಾಮ ಹಾಕಿ ಬರೆಯಿರಿ. ಪೈಥಾನ್ ಎರಡನ್ನೂ ಟ್ಯೂಪಲ್ ಎಂಬ ಒಂದೇ ಕಟ್ಟು ಮಾಡಿ ಒಟ್ಟಿಗೆ ಕೊಡುತ್ತದೆ. ಹಿಡಿಯುವಾಗಲೂ "ಒಟ್ಟು, ಹಮಾಲಿ = ..." ಎಂದು ಅದೇ ಕ್ರಮ ಇರಲಿ. ಕ್ರಮ ತಿರುವುಮುರುವಾದರೆ ಎರರ್ ಬರುವುದಿಲ್ಲ. ಎರಡು ರಿಟರ್ನ್ ಸಾಲುಗಳನ್ನು ಒಂದರ ಕೆಳಗೊಂದು ಬರೆದರೆ ಎರಡನೆಯದು ಓಡುವುದಿಲ್ಲ, ಹಂತ 6 ನೆನಪಿಸಿಕೊಳ್ಳಿ.

## ಹಂತ 8: ಫಂಕ್ಷನ್ ತನ್ನನ್ನೇ ಕರೆದಾಗ

ತಪ್ಪು ತೂಕ ಕೊಟ್ಟರೆ ಮತ್ತೆ ಕೇಳಬೇಕು ಎಂದು ಯಾದಗಿರಿಯ ಒಬ್ಬ ಹುಡುಗಿ ಬರೆದ ಕೋಡಿನ ಥರದ್ದು ಇದು:

```
ಡೆಫ್ ತೂಕ_ಕೇಳು():
    ತೂಕ = ಫ್ಲೋಟ್(ಇನ್‌ಪುಟ್("ತೂಕ ಎಷ್ಟು? "))
    ಇಫ್ ತೂಕ <= 0:
        ತೂಕ_ಕೇಳು()
    ಎಲ್ಸ್:
        ರಿಟರ್ನ್ ತೂಕ
```

ಮೊದಲ ಸಲವೇ 50 ಕೊಟ್ಟರೆ 50 ಬರುತ್ತದೆ. ಮೊದಲು -5, ಆಮೇಲೆ 50 ಕೊಟ್ಟರೆ ನನ್ ಬರುತ್ತದೆ. ಮೂರು ದಿನ ಇದರ ಹಿಂದೆ ಬಿದ್ದಿದ್ದಳು ಆಕೆ. ಏನಾಯಿತು ನೋಡಿ. ಹೊರಗಿನ ತೂಕ_ಕೇಳು ಒಳಗಿನ ತೂಕ_ಕೇಳುವನ್ನು ಕರೆಯಿತು. ಒಳಗಿನದು 50 ಎಂದು ಚೀಟಿ ತಂದುಕೊಟ್ಟಿತು. ಹೊರಗಿನದು ಅದನ್ನು ಹಿಡಿಯಲಿಲ್ಲ, ಮೇಲಕ್ಕೂ ದಾಟಿಸಲಿಲ್ಲ. ಅದರ ಕೈಲಿ ಉಳಿದದ್ದು ಖಾಲಿ ಚೀಟಿ.

ಇಫ್ ಒಳಗಿನ ಸಾಲನ್ನು "ರಿಟರ್ನ್ ತೂಕ_ಕೇಳು()" ಎಂದು ಮಾಡಿದರೆ ಸರಿಹೋಗುತ್ತದೆ. ರಿಟರ್ನ್ ಒಂದು ಮೆಟ್ಟಿಲು ಮಾತ್ರ ಮೇಲೆ ಏರುತ್ತದೆ, ಹೊರಗಿನ ತನಕ ತಾನೇ ಹಾರಿ ಬರುವುದಿಲ್ಲ. ಪ್ರತಿ ಮೆಟ್ಟಿಲಲ್ಲೂ ದಾಟಿಸುವವರು ಬೇಕು. ನಿಜ ಹೇಳಬೇಕೆಂದರೆ ಮತ್ತೆ ಮತ್ತೆ ಕೇಳುವ ಕೆಲಸಕ್ಕೆ ವೈಲ್ ಲೂಪ್ ಸಾಕು. ಆದರೆ ರಿಕರ್ಷನ್, ಅಂದರೆ ಫಂಕ್ಷನ್ ತನ್ನನ್ನೇ ಕರೆಯುವುದನ್ನು, ಕಲಿಯುವಾಗ ಇದೇ ತಪ್ಪು ಎದುರಾಗುತ್ತದೆ.

## ಹಂತ 9: ಭಾಷೆ ಬದಲಾದಾಗ

ಸಿಯಲ್ಲಿ ರಿಟರ್ನ್ ಟೈಪ್, ಅಂದರೆ ಯಾವ ಬಗೆಯ ಉತ್ತರ ಬರುತ್ತದೆ ಎಂಬುದನ್ನು, ನೋಡಿ. ಕ್ವಿಂಟಲ್ ಲೆಕ್ಕ ಹಾಕುವ ಫಂಕ್ಷನ್‌ಗೆ ಇಂಟ್ (ಪೂರ್ಣಾಂಕ) ಎಂದು ಬರೆದರೆ 2.02 ಎಂಬುದು 2 ಆಗಿ ಬರುತ್ತದೆ. ಕ್ವಿಂಟಲಿಗೆ 8000 ಎಂದರೆ 160 ರೂಪಾಯಿ ಹೋಯಿತು. ಡಬಲ್ (ದಶಮಾಂಶ ಇರುವ ಸಂಖ್ಯೆ) ಎಂದು ಬರೆಯಿರಿ. ಒಳಗಿನ ಭಾಗಾಕಾರದಲ್ಲೂ 100 ಬದಲು 100.0 ಹಾಕಿ, ಇಲ್ಲದಿದ್ದರೆ ಎರಡು ಇಂಟ್‌ಗಳ ಭಾಗಾಕಾರ ಅಲ್ಲೇ ತುಂಡಾಗುತ್ತದೆ.

ಸಿಯಲ್ಲಿ ರಿಟರ್ನ್ ಮರೆತರೆ ಸಾಮಾನ್ಯವಾಗಿ ಎರರ್ ಇಲ್ಲ, ಏನೋ ಒಂದು ಕಸದ ಸಂಖ್ಯೆ ಬರಬಹುದು. ಒಮ್ಮೊಮ್ಮೆ ಸರಿಯಾದ ಉತ್ತರವೇ ಬಂದು ಮೋಸ ಮಾಡುತ್ತದೆ. ಜಿಸಿಸಿ ಎಂಬ ಸಿ ಕಂಪೈಲರ್ ಬಳಸುವಾಗ ವಾಲ್ (-Wall) ಎಂಬ ಎಚ್ಚರಿಕೆ ಆಯ್ಕೆಯನ್ನು ತಪ್ಪದೆ ಹಾಕಿ, ಅದು ಇಂಥವನ್ನು ತೋರಿಸುತ್ತದೆ. ಫಂಕ್ಷನ್ ಒಳಗೆ ಹುಟ್ಟಿದ ಅರೇಯ ವಿಳಾಸವನ್ನು ರಿಟರ್ನ್ ಮಾಡಬೇಡಿ. ಫಂಕ್ಷನ್ ಮುಗಿದ ಮೇಲೆ ಆ ಜಾಗ ನಿಮ್ಮದಲ್ಲ. ಕರೆಯುವವರೇ ಅರೇ ಕೊಡಲಿ, ಫಂಕ್ಷನ್ ಅದರಲ್ಲಿ ತುಂಬಲಿ.

ಜಾವಾಸ್ಕ್ರಿಪ್ಟ್‌ನಲ್ಲಿ ರಿಟರ್ನ್ ಬರೆದು ಎಂಟರ್ ಒತ್ತಿ, ಬೆಲೆಯನ್ನು ಕೆಳಗಿನ ಸಾಲಿನಲ್ಲಿ ಬರೆದರೆ, ಭಾಷೆ ತಾನೇ ರಿಟರ್ನ್ ಮುಂದೆ ಸೆಮಿಕೋಲನ್ ಇದೆ ಎಂದುಕೊಳ್ಳುತ್ತದೆ. ಬರುವುದು ಅನ್‌ಡಿಫೈನ್ಡ್. ಬೆಲೆಯೋ, ಅದರ ತೆರೆಯುವ ಬ್ರಾಕೆಟ್ಟೋ ರಿಟರ್ನ್ ಇರುವ ಸಾಲಿನಲ್ಲೇ ಶುರುವಾಗಲಿ. => ಗುರುತಿನಿಂದ ಬರೆಯುವ ಬಾಣದ ಫಂಕ್ಷನ್‌ಗೆ ಹೂ ಬ್ರಾಕೆಟ್ ಹಾಕಿದರೆ ರಿಟರ್ನ್ ಪದ ಬರೆಯಲೇಬೇಕು. ಹಾಕದಿದ್ದರೆ ಬೇಡ.

## ಹಂತ 10: ಈ ಲಕ್ಷಣ ಕಂಡರೆ ಎಲ್ಲಿ ಹುಡುಕಬೇಕು

ಉತ್ತರ ಕಾಣುತ್ತದೆ, ಅದರ ಕೆಳಗೆ ನನ್ ಎಂದೂ ಬರುತ್ತದೆ: ಒಳಗೆ ಪ್ರಿಂಟ್ ಇದೆ, ಹೊರಗೂ ಪ್ರಿಂಟ್ ಇದೆ, ರಿಟರ್ನ್ ಇಲ್ಲ. ಮೊದಲ ಐಟಂನ ಲೆಕ್ಕ ಮಾತ್ರ ಬರುತ್ತದೆ: ಹಂತ 4. ಕೆಲವು ಇನ್‌ಪುಟ್‌ಗೆ ಮಾತ್ರ ನನ್ ಬರುತ್ತದೆ: ಹಂತ 5, ಇಲ್ಲವೇ 8. ರಿಟರ್ನ್ ಫಂಕ್ಷನ್ ಹೊರಗಿದೆ ಎಂಬ ಸಿಂಟ್ಯಾಕ್ಸ್ ಎರರ್ ಬಂದರೆ ಆ ಸಾಲು ಎಡ ಅಂಚಿಗೆ ಜಾರಿದೆ. ಫೋನಿನಲ್ಲಿ ಟೈಪ್ ಮಾಡುವವರಿಗೆ ಇದು ಜಾಸ್ತಿ ಆಗುತ್ತದೆ. ಟ್ಯಾಬ್ ಮತ್ತು ಸ್ಪೇಸ್ ಬೆರೆಸಬೇಡಿ.

ಕೊನೆಗೆ ಪರೀಕ್ಷೆಯ ಸಾಲುಗಳನ್ನು ಫೈಲಿನ ತಳದಲ್ಲಿ ಸೇರಿಸಿ. ಒಂದು ಸಾಮಾನ್ಯ ಬೆಲೆ, ಒಂದು ಗಡಿಯ ಬೆಲೆ, ಒಂದು ಖಾಲಿ ಬೆಲೆ ಇರಲಿ. ಉತ್ತರವನ್ನು ಮೊದಲು ಕೈಯಲ್ಲಿ ಲೆಕ್ಕ ಹಾಕಿ, ಆಮೇಲೆ ಟೈಪ್ ಮಾಡಿ. ಅಸರ್ಟ್ ಎಂಬ ಪದ ಮುಂದಿನ ಮಾತು ನಿಜವೇ ಎಂದು ನೋಡುತ್ತದೆ, ಸುಳ್ಳಾದರೆ ಎರರ್ ಕೊಡುತ್ತದೆ.

```
ಅಸರ್ಟ್ ಒಟ್ಟು_ತೂಕ([51, 49, 50, 52]) == 202
ಅಸರ್ಟ್ ದರ್ಜೆ(12) == "ತಗೊಳ್ಳಬಹುದು"
ಅಸರ್ಟ್ ಒಟ್ಟು_ತೂಕ([]) == 0
ಅಸರ್ಟ್ ಮೊತ್ತ(202, 8000) == 16160
```

ಓಡಿಸಿದಾಗ ಏನೂ ಕಾಣದಿದ್ದರೆ ಎಲ್ಲವೂ ಸರಿ ಇದೆ ಎಂದರ್ಥ, ಗಾಬರಿಯಾಗಬೇಡಿ. ಯಾವ ಸಾಲಿನಲ್ಲಿ ಅಸರ್ಷನ್ ಎರರ್ ಬರುತ್ತದೋ ಆ ಫಂಕ್ಷನ್ ಒಂದನ್ನೇ ಥಾನಿಯಲ್ಲಿ ಹೆಜ್ಜೆ ಹೆಜ್ಜೆಯಾಗಿ ಓಡಿಸಿ. ನಾಲ್ಕೂ ಸಾಲು ದಾಟಿದ ಮೇಲಷ್ಟೇ ರೈತರಿಗೆ ತೋರಿಸುವ ಬಿಲ್ಲಿನ ಪ್ರಿಂಟ್ ಬರೆಯಲು ಕೂತುಕೊಳ್ಳಿ.